ಕಾಸರಗೋಡಿನ ಸೆಕೆಗೆ ಟೊಮೆಟೊ ಹೂ ಎಲ್ಲ ಉದುರ್ತಾ ಉಂಟು, ಈಗ ಟೆರೇಸಲ್ಲಿ ಎಂತ ನೆಡ್ಬಹುದು?

ಮಂಜೇಶ್ವರ ಟೆರೇಸ್:
ಎಲ್ರಿಗೂ ನಮಸ್ಕಾರ. ನಮ್ದು ಮಂಜೇಶ್ವರ, ಹೈವೇಯಿಂದ ಸ್ವಲ್ಪ ಒಳಗೆ. ಜಾಗ ಅಂತ ಇರುದು ಟೆರೇಸ್ ಮಾತ್ರ, ಕೆಳಗೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿ ಆಗಿದೆ. ಕಪ್ಪು ಗ್ರೋ ಬ್ಯಾಗಿನಲ್ಲಿ ಟೊಮೆಟೊ, ಬದನೆ, ಮೆಣಸು, ಬೆಂಡೆ ಉಂಟು. ಟೊಮೆಟೊ ಗಿಡ ನೋಡ್ಲಿಕ್ಕೆ ಒಳ್ಳೆ ಚಂದ ಬಂದಿದೆ, ಗೊಂಚಲು ಗೊಂಚಲು ಹೂ, ಆದ್ರೆ ತೊಟ್ಟು ಹಳದಿಯಾಗಿ ಉದುರ್ತದೆ, ಕಾಯಿ ಕಟ್ಟುದೇ ಇಲ್ಲ. ಬೇರೆ ಕೆಲವು ಗಿಡ ಎಲೆ ಹಸಿರು ಇರುವಾಗ್ಲೇ ಬಾಡಿ ಜೋತು ಬೀಳ್ತದೆ, ನೀರು ಹಾಕಿದ್ರೂ ಏಳುದಿಲ್ಲ. ಬೆಂಡೆ ಎಲೆಯ ನರ ಎಲ್ಲ ಹಳದಿ. ನೀರು ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕೊಡ್ತೇವೆ. ವಿಡಿಯೋ ನೋಡಿದ್ರೆ ಒಬ್ರು ಮೊಟ್ಟೆ ಸಿಪ್ಪೆ ಅಂತಾರೆ, ಇನ್ನೊಬ್ರು ಬಾಳೆಸಿಪ್ಪೆ ನೀರು ಅಂತಾರೆ, ಮತ್ತೊಬ್ರು ಎಪ್ಸಮ್ ಸಾಲ್ಟ್. ನಮ್ಮ ಊರಿನ ಸೆಕೆಗೆ ಸರಿ ಆಗುವ ಹಾಗೆ ಯಾರಾದ್ರೂ ಹೇಳಿ, ಈಗ ಮಾರ್ಚ್, ಮಳೆಗೆ ಇನ್ನೂ ಎರಡು ಎರಡೂವರೆ ತಿಂಗಳು ಉಂಟು.

ಪೆರ್ಲದ ನೆಟ್ಟಿಕಾಯಿ:
ಗೊಬ್ಬರದ ಪ್ರಶ್ನೆಯೇ ಅಲ್ಲ ಇದು. ಟೊಮೆಟೊಗೆ ರಾತ್ರಿ ತಂಪು ಬೇಕು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24-25ರಿಂದ ಕೆಳಗೆ ಇಳೀದಿದ್ರೆ ಹೂವಿನ ಪರಾಗ ಕೆಲಸಕ್ಕೆ ಬಾರದ ಹಾಗೆ ಆಗ್ತದೆ, ಆಮೇಲೆ ನೀವು ಬುಡಕ್ಕೆ ಎಂತ ಸುರಿದ್ರೂ ಹೂ ಉದುರಿಯೇ ಉದುರ್ತದೆ. ನಮ್ಮ ಕರಾವಳಿಯ ತೊಂದ್ರೆ ಹಗಲಿನ ಬಿಸಿಲಲ್ಲ, ರಾತ್ರಿಯ ಸೆಕೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಾರಣ ರಾತ್ರಿ ಬಿಸಿ ಇಳಿಯುದೇ ಇಲ್ಲ. ಹಾಗಾಗಿ ಮಾರ್ಚಿಂದ ಮೇ ತನಕ ಟೊಮೆಟೊದ ಆಸೆ ಬಿಡಿ. ಸಪ್ಟೆಂಬರ್ ಅಕ್ಟೋಬರಿನಲ್ಲಿ ಗಿಡ ಮಾಡಿ ನೆಟ್ಟರೆ ನವಂಬರಿಂದ ಜನವರಿ ತನಕ ಹೂ ನಿಲ್ತದೆ, ಆಗ ನಮ್ಮಲ್ಲೂ ಬೆಳಗ್ಗಿನ ಹೊತ್ತು ಚಳಿ ಇರ್ತದಲ್ಲ.

ಈಗ ಇರುವ ಗಿಡ ಕೀಳ್ಬೇಡಿ, ಬೆಳಿಗ್ಗೆ ಎಂಟು ಗಂಟೆ ಒಳಗೆ ಹೂಗೊಂಚಲನ್ನು ಬೆರಳಲ್ಲಿ ಮೆಲ್ಲ ತಟ್ಟಿ, ಮಧ್ಯಾಹ್ನ ನೆರಳು ಮಾಡಿ, ಒಂದೆರಡು ಕಾಯಿ ಸಿಕ್ಕಿದ್ರೂ ಸಿಗಬಹುದು. ಚೆರ್ರಿ ಟೊಮೆಟೊ ದೊಡ್ಡ ಜಾತಿಗಿಂತ ಸೆಕೆ ತಡೀತದೆ, ಬೇಕೇ ಬೇಕು ಅಂತಾದ್ರೆ ಅದು.

ಹಸಿರು ಇರುವಾಗ್ಲೇ ಬಾಡಿದ ಗಿಡದ ಕಥೆ ಬೇರೆ, ಅದು ಸೊರಗು ರೋಗ ಆಗಿರ್ಬೇಕು. ಒಂದು ಪರೀಕ್ಷೆ ಮಾಡಿ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ರ ಓರೆಯಾಗಿ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ಹಾಕಿ ಕತ್ತರಿಸಿದ ತುದಿ ನೀರಿಗೆ ಮುಟ್ಟುವ ಹಾಗೆ ಹಿಡೀರಿ. ಸ್ವಲ್ಪ ಹೊತ್ತಲ್ಲಿ ಹಾಲಿನ ಎಳೆಯ ಹಾಗೆ ಬಿಳಿ ದ್ರವ ಇಳಿದ್ರೆ ಬ್ಯಾಕ್ಟೀರಿಯಾ ಸೊರಗು, ಅನುಮಾನವೇ ಬೇಡ.

ಮಂಜೇಶ್ವರ ಟೆರೇಸ್:
ಈಗಷ್ಟೇ ಮಾಡಿ ನೋಡಿದೆ. ಬಿಳಿ ಎಳೆ ಇಳೀತಾ ಉಂಟು. ಔಷಧಿ ಉಂಟಾ ಇದಕ್ಕೆ?

ಮಣ್ಣು ಸುಣ್ಣ:
ಬಂದ ಮೇಲೆ ಔಷಧಿ ಇಲ್ಲ. ಆ ಗಿಡ ಬೇರು ಸಮೇತ ತೆಗ್ದು ಸುಡಿ, ಕಾಂಪೋಸ್ಟಿಗೆ ಹಾಕ್ಬೇಡಿ, ಆ ಬ್ಯಾಗಿನ ಮಣ್ಣಲ್ಲಿ ಟೊಮೆಟೊ ಬದನೆ ಮೆಣಸು ಯಾವುದನ್ನೂ ಪುನಃ ನೆಡ್ಬೇಡಿ, ಮೂರೂ ಒಂದೇ ಕುಟುಂಬ. ಅದ್ರಲ್ಲಿ ಹರಿವೆಯೋ ಅಲಸಂಡೆಯೋ ಹಾಕಿ.

ನಮ್ಮ ಜಿಲ್ಲೆಯ ಮುರಮಣ್ಣು ಹುಳಿ ಮಣ್ಣು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಸುಣ್ಣದ ಅಂಶ ಎಲ್ಲ ತೊಳ್ಕೊಂಡು ಹೋಗ್ತದೆ, ಉಳಿಯುದು ಕಬ್ಬಿಣ ಮತ್ತೆ ಅಲ್ಯುಮಿನಿಯಂ, ಅದಕ್ಕೇ ಮಣ್ಣು ಕೆಂಪು. ಈ ಹುಳಿ, ತೇವ, ಬಿಸಿ ಮೂರೂ ಸೇರಿದಲ್ಲಿ ಸೊರಗು ರೋಗ ಜೋರು. ಬ್ಯಾಗಿಗೆ ಮಣ್ಣು ತುಂಬಿಸುವಾಗ ಒಂದು ಹಿಡಿ ಸುಣ್ಣದ ಪುಡಿ ಅಥವಾ ಡೋಲೊಮೈಟ್ ಹಾಕಿ ಕಲಸಿ, ನೀರು ಚಿಮುಕಿಸಿ ಹದಿನೈದು ದಿನ ಹಾಗೇ ಇಡಿ. ಆಮೇಲೆ ಹಟ್ಟಿಗೊಬ್ಬರ. ಸುಣ್ಣ ಗೊಬ್ಬರ ಒಟ್ಟಿಗೆ ಕಲಸಿದ್ರೆ ಗೊಬ್ಬರದ ಸಾರಜನಕ ಅಮೋನಿಯ ಆಗಿ ಗಾಳಿಗೆ ಹೋಗ್ತದೆ, ದುಡ್ಡು ಹಾಳು.

ತಳಿ ಸಹ ನೋಡಿ ತನ್ನಿ. ಕೇರಳ ಕೃಷಿ ವಿಶ್ವವಿದ್ಯಾಲಯದವ್ರು ಈ ರೋಗ ತಡೆಯುವ ಟೊಮೆಟೊ ಮಾಡಿದ್ದಾರೆ, ಶಕ್ತಿ, ಮುಕ್ತಿ, ಅನಘ ಅಂತ. ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ. ಮೆಣಸಿನಲ್ಲಿ ಉಜ್ವಲ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಕೂಡ ತಡೀತದೆ. ಅಂಗಡಿಯಲ್ಲಿ ಚಂದದ ಫೋಟೋ ಇರುವ ಪ್ಯಾಕೆಟ್ ನೋಡಿ ತರುದಕ್ಕಿಂತ ಕೃಷಿಭವನದಲ್ಲಿ ಅಥವಾ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕ್ಯಾಂಪಸ್ಸಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಳಿ ಹೆಸರು ಹೇಳಿ ಕೇಳಿ.

ಕುದನೆ ಕಸಿ:
ಇದಕ್ಕೆ ಕಸಿ ಕೂಡ ಉಂಟು. ಗುಡ್ಡೆ ಬದಿ, ರಸ್ತೆ ಬದಿ ಎಲ್ಲ ಕಡೆ ತಾನಾಗಿ ಬೆಳೆಯುವ ಕುದನೆ ಗಿಡ (ಸುಂಡೆಕಾಯಿ ಅಂತ ಹೇಳ್ತಾರಲ್ಲ, ಅದೇ) ಸೊರಗು ರೋಗಕ್ಕೆ ಬಗ್ಗುದಿಲ್ಲ. ಕುದನೆ ಸಸಿ ಪೆನ್ಸಿಲ್‌ಗಿಂತ ಸ್ವಲ್ಪ ಸಪೂರ ಇರುವಾಗ ತಲೆ ಕತ್ತರಿಸಿ, ಮಧ್ಯ ಸೀಳಿ, ಬದನೆ ಸಸಿಯ ತುದಿಯನ್ನು ಬೆಣೆ ಹಾಗೆ ಕೆತ್ತಿ ಕೂರಿಸಿ ಕ್ಲಿಪ್ ಹಾಕುದು, ಮೇಲಿಂದ ಪ್ಲಾಸ್ಟಿಕ್ ತೊಟ್ಟೆ ಮುಚ್ಚಿ ನೆರಳಲ್ಲಿ ಒಂದು ವಾರ. ಕುದನೆ ಬೇರಿನ ಬದನೆ ವರ್ಷಗಟ್ಲೆ ನಿಲ್ತದೆ, ಸವರಿ ಬಿಟ್ರೆ ಪುನಃ ಚಿಗುರ್ತದೆ. ಕುದನೆ ಬೀಜ ಮೊಳಕೆ ಬರ್ಲಿಕ್ಕೆ ತಡ ಮಾಡ್ತದೆ, ಅದನ್ನು ಬದನೆಗಿಂತ ಒಂದು ತಿಂಗಳು ಮೊದ್ಲೇ ಹಾಕ್ಬೇಕು, ಇಲ್ಲಾಂದ್ರೆ ಕಾಂಡದ ದಪ್ಪ ಸರಿ ಹೊಂದುದಿಲ್ಲ.

ಹೊಸೂರಿನಿಂದ:
ನಮ್ಮ ಕಡೆ ಟೊಮೆಟೊ ಹೊಲಹೊಲ ಬೆಳೀತಾರೆ, ನಿಮ್ಮೂರಿಗೂ ಇಲ್ಲಿಂದ್ಲೇ ಲಾರಿ ಬರೋದು ಅನ್ಸತ್ತೆ. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲೈತೆ, ಬೇಸಿಗೇಲೂ ರಾತ್ರಿ ತಣ್ಣಗಿರತ್ತೆ, ಅದೇ ವ್ಯತ್ಯಾಸ. ಪೆರ್ಲದವ್ರು ಹೇಳಿದ್ದು ಸರಿ, ಅಲ್ಲಿ ಬಸಳೆ ಹರಿವೆ ಬರೋ ಹಂಗೆ ನಮ್ಗಿಲ್ಲಿ ಬರಲ್ಲ.

ಮಂಜೇಶ್ವರ ಟೆರೇಸ್:
ಹಾಗಾದ್ರೆ ಟೊಮೆಟೊ ಸಪ್ಟೆಂಬರಿಗೆ. ಈಗ ಈ ಬಿಸಿಲಿಗೆ ಎಂತ ಹಾಕುದು? ಬ್ಯಾಗು ಮುಟ್ಟಿದ್ರೆ ಕೈ ಸುಡ್ತದೆ ಮಧ್ಯಾಹ್ನ.

ಬಸಳೆ ಚಪ್ಪರ:
ಬಸಳೆ, ಹರಿವೆ, ಅಲಸಂಡೆ, ತೊಂಡೆ, ಬದನೆ, ಸೌತೆ, ನುಗ್ಗೆ, ಚಕ್ರಮುನಿ, ಜೀರಿಗೆ ಮೆಣಸು. ಇಷ್ಟು ಇದ್ರೆ ಮಳೆ ಬರುವ ತನಕ ಅಂಗಡಿ ತರಕಾರಿ ಬೇಡ ನಮ್ಮ ಮನೆಗೆ. ನಾನು ಬದಿಯಡ್ಕ ಹತ್ರ, ನಮ್ಮದು ನೆಲದಲ್ಲಿ, ಆದ್ರೆ ತಂಗಿ ಉಪ್ಪಳದಲ್ಲಿ ಟೆರೇಸಲ್ಲೇ ಮಾಡ್ತಾಳೆ.

ಬಸಳೆಗೆ ಬೀಜ ಬೇಡ, ಬಲಿತ ಬಳ್ಳಿಯ ತುಂಡು, ಮೂರು ಗೆಣ್ಣು ಇರುವ ಹಾಗೆ ಕಡ್ದು ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ನೆಡಿ. ಅಕ್ಕಿ ತೊಳೆದ ನೀರು ಪೂರ್ತಿ ಅದಕ್ಕೇ ಹೋಗ್ಲಿ. ಸುಡುಮಣ್ಣು (ತರಗೆಲೆ, ಕಸದ ಒಟ್ಟಿಗೆ ಸುಟ್ಟ ಮಣ್ಣು) ಸಿಕ್ಕಿದ್ರೆ ಬುಡಕ್ಕೆ ಹಾಕಿ ಎಲೆ ಅಗಲ ನೋಡಿ, ಟೆರೇಸಿನವ್ರಿಗೆ ಸುಡುಮಣ್ಣು ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ, ಒಲೆ ಬೂದಿ ಆದ್ರೂ ಸ್ವಲ್ಪ ಸ್ವಲ್ಪ ಹಾಕಿ. ಬಸಳೆಗೆ ಮಳೆಗಾಲದಲ್ಲೇ ಎಲೆಚುಕ್ಕೆ ಬರುದು, ಬೇಸಿಗೆಯಲ್ಲಿ ನೀರು ಇದ್ರೆ ಅದರಷ್ಟು ಸುಲಭದ್ದು ಯಾವುದೂ ಇಲ್ಲ. ಚಪ್ಪರ ಹಾಕಿದ್ರೆ ಅದರ ಅಡಿಗೆ ನೆರಳೂ ಆಯ್ತು, ಆ ನೆರಳಲ್ಲಿ ಮೆಣಸಿನ ಬ್ಯಾಗ್ ಇಡಿ.

ಹರಿವೆ ಬೀಜ ಸಣ್ಣ, ಒಣ ಹೊಯಿಗೆ ಜೊತೆ ಕಲಸಿ ಬಿತ್ತಿ, ಇಲ್ಲಾಂದ್ರೆ ಒಂದೇ ಕಡೆ ರಾಶಿ ಬೀಳ್ತದೆ. ಇರುವೆ ಹೊತ್ಕೊಂಡು ಹೋಗುದು ತಪ್ಪಿಸ್ಲಿಕ್ಕೆ ಸುತ್ತ ಅರಶಿನ ಪುಡಿ ಹಾಕ್ತೇವೆ ನಾವು. ತಿಂಗಳ ಒಳಗೆ ಕೊಯ್ಲಿಗೆ ಬರ್ತದೆ. ಕೆಂಪು ಹರಿವೆ ಮತ್ತೆ ಹಸಿರು ಹರಿವೆ ಕಲಸಿ ಬಿತ್ತಿ, ಕೆಂಪಿಗೆ ಎಲೆಚುಕ್ಕೆ ಬೇಗ ಹಿಡೀತದೆ, ಹಸಿರು ಮಧ್ಯ ಇದ್ರೆ ಹರಡುದು ಕಡಿಮೆ. ನೀರು ಎಲೆಗೆ ಬೀಳದ ಹಾಗೆ ಬುಡಕ್ಕೇ ಹಾಕಿ.

ಪೆರ್ಲದ ನೆಟ್ಟಿಕಾಯಿ:
ಬ್ಯಾಗ್ ಮುಟ್ಟಿದ್ರೆ ಕೈ ಸುಡ್ತದೆ ಅಂದ್ರಲ್ಲ, ಕೈ ಸುಡುವಲ್ಲಿ ಬೇರು ಬದುಕುದು ಹೇಗೆ? ಬೇರಿನ ಬಿಸಿ ಯಾರೂ ಲೆಕ್ಕ ಇಡುದಿಲ್ಲ. ಕೆಳಗಿಂದ ಕಾಂಕ್ರೀಟು, ಬದಿಯಿಂದ ಕಪ್ಪು ಪ್ಲಾಸ್ಟಿಕ್, ಮೇಲಿಂದ ಸೂರ್ಯ. ಎಲೆ ಬಾಡಿದೆ ಅಂತ ನಡು ಮಧ್ಯಾಹ್ನ ಟ್ಯಾಂಕಿನ ನೀರು ಬಿಟ್ರೆ ಟೆರೇಸಿನ ಪೈಪಿನಿಂದ ಬರುದೂ ಬಿಸಿನೀರೇ, ಬೇರಿಗೆ ಅದೂ ಬೀಳ್ತದೆ.

ಮೊದ್ಲು ಬ್ಯಾಗನ್ನು ಇಟ್ಟಿಗೆ ಮೇಲೋ ಮರದ ಪಟ್ಟಿ ಮೇಲೋ ಇಡಿ, ಅಡಿಯಲ್ಲಿ ಗಾಳಿ ಆಡ್ಲಿ, ಟೆರೇಸಿಗೂ ಒಳ್ಳೇದು. ಬ್ಯಾಗುಗಳನ್ನು ಒಂದಕ್ಕೊಂದು ತಾಗಿಸಿ ಗುಂಪು ಮಾಡಿ, ಬಿಸಿಲು ಬೀಳುವ ಪಡುಬದಿಗೆ ಅಡಿಕೆ ಹಾಳೆ ಅಥವಾ ತೆಂಗಿನ ಮಡಲು ಅಡ್ಡ ಕಟ್ಟಿ. ಹೊಸ ಬ್ಯಾಗ್ ತರುದಾದ್ರೆ ಹೊರಗೆ ಬಿಳಿ ಒಳಗೆ ಕಪ್ಪು ಇರುದು ತನ್ನಿ. ಮಣ್ಣಿನ ಮೇಲೆ ತರಗೆಲೆ ನಾಲ್ಕು ಬೆರಳು ದಪ್ಪ, ಬುಡದಿಂದ ಸ್ವಲ್ಪ ಬಿಟ್ಟು. ಬ್ಯಾಗಿನ ಅಡಿಗೆ ತೆಂಗಿನ ಸಿಪ್ಪೆ, ಕುಳಿ ಮೇಲೆ ಬರುವ ಹಾಗೆ ಕವುಚದೆ ಇಡಿ, ನೀರು ಹಿಡ್ಕೊಳ್ತದೆ, ಕರಗಿದಾಗ ಪೊಟಾಶ್ ಕೊಡ್ತದೆ. ತೆಂಗಿನ ಊರಲ್ಲಿ ಇದ್ದುಕೊಂಡು ಸಿಪ್ಪೆ ಸುಡುವವ್ರನ್ನು ನೋಡಿದ್ರೆ ನನಗೆ ಸಂಕಟ ಆಗ್ತದೆ.

ಕೋಕೋಪೀಟ್ ಬಳಸುದಾದ್ರೆ ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಚೆಲ್ಲಿ, ಹೊಸ ನಾರುಹುಡಿಯಲ್ಲಿ ಉಪ್ಪು ಮತ್ತೆ ಟ್ಯಾನಿನ್ ಇರ್ತದೆ, ಎಳೆ ಬೇರಿಗೆ ಆಗುದಿಲ್ಲ.

ಅಕ್ಕಲಕೋಟ:
ನಮಸ್ಕಾರ್ರಿ, ನಾವು ಸೊಲ್ಲಾಪುರ ಜಿಲ್ಲಾದವ್ರು, ಮನ್ಯಾಗ ಕನ್ನಡಾನ. ನಿಮ್ಮ ಮಾತು ಓದಿ ಭಾಳ ಖುಷಿ ಆತು. ನಮ್ಮ ಕಡಿ ಬಿಸಿಲು ಬ್ಯಾರೇ ಥರ, ಮೇ ತಿಂಗಳದಾಗ 42 ಡಿಗ್ರಿ ಅಂದ್ರ ಸಾದಾ ಮಾತು, ಗಾಳಿ ಒಣಾ, ಎಲಿ ಮುಟ್ಟಿದ್ರ ಹಪ್ಪಳ ಮುರದಂಗ ಮುರೀತಾವ. ನಿಮಗ ತೇವದ ಚಿಂತಿ, ನಮಗ ನೀರಿಂದ ಚಿಂತಿ. ಹಿತ್ತಲದಾಗ ನಾವು ಮಡಿ ಎತ್ತರ ಮಾಡಂಗಿಲ್ಲ, ತಗ್ಗ ಮಾಡ್ತೀವಿ, ನೀರ ಹರದು ಹೋಗಬಾರದಂತ. ನಡುವ ಒಂದು ಮಣ್ಣಿನ ಗಡಿಗಿ ಕುತ್ತಿಗಿ ತನಕ ಹೂಳೂದು, ನೀರ ತುಂಬಿ ಮ್ಯಾಲೆ ಪರಾತ ಮುಚ್ಚೂದು. ಸುತ್ತ ಹೀರಿ, ಹಾಗಲ, ಸವತಿ ಬೀಜ ಹಾಕಿದ್ರ ಬೇರು ತಾವಾಗೇ ಗಡಿಗಿ ಹುಡಿಕೊಂಡು ಬರ್ತಾವ. ಗಡಿಗಿ ಬಣ್ಣ ಹಚ್ಚಿದ್ದು ಇರಬಾರದು, ನೀರ ಜಿನುಗಂಗಿಲ್ಲ.

ಬಿಸಿಲಿಗಿ ಜಗ್ಗದೇ ಇರೂದು ಅಂದ್ರ ಚವಳಿಕಾಯಿ (ಗೋರಿಕಾಯಿ) ಮತ್ತ ಪುಂಡಿಪಲ್ಯ (ಗೋಂಗುರ). ಚವಳಿಕಾಯಿ ಬೇರು ಆಳ ಇಳೀತೈತಿ, ಎರಿ ಮಣ್ಣಾಗ ನೀರ ತಡಾ ಆದ್ರೂ ತಡಕೋತೈತಿ. ಪಡುವಣ ದಿಕ್ಕಿಗಿ ಎರಡ ಸಾಲ ಜ್ವಾಳ ಹಾಕ್ರಿ, ಬಿಸಿಗಾಳಿ ತಡೀತೈತಿ, ನಮ್ಮವ್ವ ಹಂಗ ಮಾಡ್ತಿದ್ಳು.

ಬಸಳೆ ಚಪ್ಪರ:
ಅಕ್ಕಲಕೋಟದವ್ರೇ, ಗಡಿಗೆ ಉಪಾಯ ತುಂಬ ಇಷ್ಟ ಆಯ್ತು, ಟೆರೇಸಲ್ಲಿ ಸಣ್ಣ ಕುಡಿಕೆ ಹೂತು ಮಾಡ್ಬಹುದು. ಆದ್ರೆ ತಗ್ಗು ಮಡಿ ನಮ್ಮಲ್ಲಿ ಬೇಸಿಗೆಗೆ ಮಾತ್ರ, ಮೇ ಕೊನೆಗೆ ಏರಿ ಮಾಡ್ಲೇಬೇಕು, ಜೂನಿನ ಮಳೆಗೆ ಬುಡದಲ್ಲಿ ನೀರು ನಿಂತ್ರೆ ಒಂದೂ ಉಳಿಯುದಿಲ್ಲ.

ಕುಂಬಳೆ ಓದುಗ:
ಎಲ್ರೂ ನೆರಳು ನೆರಳು ಅಂತಾ ಇದ್ದೀರಿ. ನಾನು ಶೇಡ್ ನೆಟ್ ಹಾಕಿದ ಮೇಲೆ ಬೆಂಡೆ ಅಲಸಂಡೆ ಉದ್ದುದ್ದ ಹೋಗಿ ಕಾಯಿ ಕಮ್ಮಿ ಆಯ್ತು. ಶೇಡ್ ನೆಟ್ ಬೇಡ ಅಂತ ನನ್ನ ಅಭಿಪ್ರಾಯ.

ಮಣ್ಣು ಸುಣ್ಣ:
ಎಷ್ಟು ಪರ್ಸೆಂಟ್ ನೆಟ್ ಅಂತ ನೋಡಿ. ಅಂಗಡಿಯವ್ರು ಕೊಡುದು ಹೆಚ್ಚಾಗಿ 75, ಅದು ನರ್ಸರಿಗೆ, ಆರ್ಕಿಡಿಗೆ. ತರಕಾರಿಗೆ 35, ಜಾಸ್ತಿ ಅಂದ್ರೆ 50. ಬೆಂಡೆ, ಅಲಸಂಡೆಗೆ ನೆಟ್ಟೇ ಬೇಡ, ಅವು ಬಿಸಿಲಿನ ಮಕ್ಕಳು. ಸೊಪ್ಪು, ಮೆಣಸು, ಸಣ್ಣ ಸಸಿಗೆ ಮಾತ್ರ ಮಧ್ಯಾಹ್ನದ ನೆರಳು ಸಾಕು.

ಮಂಜೇಶ್ವರದವ್ರ ಬೆಂಡೆಯ ಹಳದಿ ನರ ವೈರಸ್, ಬಿಳಿನೊಣ ತರುದು, ಬೇಸಿಗೆಯಲ್ಲಿ ಬಿತ್ತಿದ ಬೆಂಡೆಗೆ ಇದು ಜೋರು. ಹಿಡಿದ ಗಿಡ ಕಿತ್ತು ತೆಗೀರಿ, ಮುಂದಿನ ಸಲ ಅರ್ಕ ಅನಾಮಿಕ ಹಾಕಿ. ಬಿಳಿನೊಣಕ್ಕೆ ಬೇವಿನೆಣ್ಣೆ ಬೆಳ್ಳುಳ್ಳಿ ಮಿಶ್ರಣ: ಒಂದು ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದು ಸೋಸಿದ ರಸ, 5-6 ಗ್ರಾಂ ಬಾರ್ ಸೋಪು ಬಿಸಿನೀರಲ್ಲಿ ಕರಗಿಸಿದ್ದು. ಸೋಪು ಮೊದ್ಲು ಎಣ್ಣೆಗೆ ಸೇರಿಸಿ ಚೆನ್ನಾಗಿ ಕದಡಿ, ಆಮೇಲೆ ಉಳಿದ ನೀರು. ಎಲೆಯ ಅಡಿಭಾಗಕ್ಕೆ ಬೀಳ್ಬೇಕು. ಸಂಜೆಯೇ ಹೊಡೀರಿ, ಹಗಲು ಹೊಡೆದ್ರೆ ಎಣ್ಣೆ ಬಿಸಿಲಿಗೆ ಎಲೆ ಸುಟ್ಟು ಹೋಗ್ತದೆ.

ಕುಂಬಳೆ ಓದುಗ:
ನನ್ನದು 75 ಇದ್ದದ್ದು ಹೌದು, ಬಿಲ್ಲಲ್ಲಿ ಉಂಟು. ಆದ್ರೂ ಒಂದು ಮಾತು, ಇಷ್ಟೆಲ್ಲ ರೋಗಕ್ಕೆ ಅಂಗಡಿಯ ಔಷಧಿ ಒಂದು ಸಲ ಹೊಡೆದ್ರೆ ಮುಗೀತದಲ್ಲ? ಸ್ವಲ್ಪವೇ ಅಲ್ವಾ.

ಪೆರ್ಲದ ನೆಟ್ಟಿಕಾಯಿ:
ನಾನು ಎಣ್ಮಕಜೆ ಪಂಚಾಯತಿನವ. ನಮ್ಮ ಗುಡ್ಡೆಗಳ ಗೇರುತೋಟಕ್ಕೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ್ರು. ಕೆಳಗೆ ಸುರಂಗ (ನೀರಿಗೋಸ್ಕರ ಗುಡ್ಡೆಗೆ ಅಡ್ಡ ಕೊರೆದದ್ದು), ಬಾವಿ, ತೋಡು, ಹಟ್ಟಿ, ಶಾಲೆ ಎಲ್ಲ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಮಾಡಿತು, ಅದೇ ವರ್ಷ ಇಂಥ ವಿಷಗಳನ್ನು ನಿಲ್ಲಿಸುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ಆದ್ರೆ ಆಗ ಹುಟ್ಟಿದ ಮಕ್ಕಳನ್ನು ಈಗಲೂ ಎತ್ತಿಕೊಂಡೇ ಆಸ್ಪತ್ರೆಗೆ ಹೋಗುವ ಅಮ್ಮಂದಿರು ನಮ್ಮ ಅಕ್ಕಪಕ್ಕ ಇದ್ದಾರೆ. ನಿಮ್ಮ ಮೇಲೆ ಸಿಟ್ಟಲ್ಲ. ಆದ್ರೆ ಸ್ವಲ್ಪವೇ ಅಲ್ವಾ ಅನ್ನುವ ಮಾತು ನಮ್ಮ ಊರಲ್ಲಿ ಕೇಳ್ಲಿಕ್ಕೆ ಆಗುದಿಲ್ಲ. ಮನೆ ಅಡುಗೆಗೆ ನಾಲ್ಕು ಬೆಂಡೆ ಬೆಳೆಸುವುದು ವಿಷ ಇಲ್ಲದ ನಾಲ್ಕು ಬೆಂಡೆಗೋಸ್ಕರವೇ, ಅದು ಬೇಡಾಂದ್ರೆ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗ್ತದೆ.

ಕುಂಬಳೆ ಓದುಗ:
ಅರ್ಥ ಆಯ್ತು. ಬೇವಿನೆಣ್ಣೆಯೇ ಮಾಡ್ತೇನೆ. ಹಾಗಲಕ್ಕೆ, ಹೀರೆಗೆ ಹುಳ ಬೀಳುದಕ್ಕೆ ಎಂತ ಮಾಡುದು? ತುಳಸಿ ಎಲೆ ಜಜ್ಜಿ ಗೆರಟೆಯಲ್ಲಿ ಇಟ್ಟರೆ ನೊಣ ಬರ್ತದೆ ಅಂತ ಹೇಳ್ತಾರೆ, ಬಂದ ನೊಣ ಎಲ್ಲ ಬೇರೆ ಥರದ್ದು.

ಕುದನೆ ಕಸಿ:
ತುಳಸಿಗೆ ಬರುದು ಮಾವಿನ ಹಣ್ಣಿನ ನೊಣ, ಅದರಲ್ಲಿರುವ ಮಿಥೈಲ್ ಯೂಜಿನಾಲ್ ವಾಸನೆಗೆ. ಹಾಗಲ, ಹೀರೆ, ಪಡುವಲ, ಸೌತೆಗೆ ಚುಚ್ಚುವ ನೊಣ ಬೇರೆ, ಅದಕ್ಕೆ ಕ್ಯೂ ಲ್ಯೂರ್ (ವಾಸನೆಗೆ ನೊಣ ಸೆಳೆದು ಹಿಡಿಯುವ ಬಲೆ) ಅಂತ ಕೇಳಿ ತನ್ನಿ, ಹೂ ಶುರು ಆಗುವಾಗ್ಲೇ ಕಟ್ಟಿ, ಕಾಯಿಗೆ ಹುಳ ಬಿದ್ದ ಮೇಲೆ ಕಟ್ಟಿದ್ರೆ ತಡ ಆಯ್ತು. ಅದು ಗಂಡು ನೊಣಕ್ಕೆ ಮಾತ್ರ, ಹಾಗಾಗಿ ಜೊತೆಗೆ ಗೆರಟೆಯಲ್ಲಿ ಕಳಿತ ಬಾಳೆಹಣ್ಣು ಬೆಲ್ಲ ಕಲಸಿ ಚಪ್ಪರದ ಅಡಿಗೆ ತೂಗು ಹಾಕಿ. ನಾಲ್ಕೈದು ಬಳ್ಳಿ ಇರುವವ್ರಿಗೆ ಎಲ್ಲದಕ್ಕಿಂತ ಸುಲಭ ಅಂದ್ರೆ ಮಿಡಿ ಇರುವಾಗ್ಲೇ ಕಾಗದದ ಲಕೋಟೆ ಸಿಕ್ಕಿಸುದು. ಉದುರಿದ ಹುಳುಕು ಕಾಯಿ ಬುಡದಲ್ಲಿ ಬಿಡ್ಬೇಡಿ, ಅದರೊಳಗಿನ ಹುಳ ಮಣ್ಣಿಗೆ ಇಳಿದು ಕೋಶ ಕಟ್ಟಿ ಪುನಃ ನೊಣ ಆಗಿ ಬರ್ತದೆ. ಬಕೆಟ್ ನೀರಲ್ಲಿ ಮುಳುಗಿಸಿ ಇಟ್ಟು ಆಮೇಲೆ ಹೂತು ಹಾಕಿ.

ಮಂಜೇಶ್ವರ ಟೆರೇಸ್:
ತುಂಬ ಉಪಕಾರ. ಸೌತೆ ಈಗ ಹಾಕಿದ್ರೆ ಆಗ್ತದಾ? ಬಿಸು ಕಣಿಗೆ (ಎಪ್ರಿಲ್ ನಡುವಿನ ಬಿಸು ಹಬ್ಬದ ಬೆಳಿಗ್ಗೆ ಮೊದ್ಲು ನೋಡ್ಲಿಕ್ಕೆ ಇಡುವ ಹಣ್ಣು ತರಕಾರಿ) ಮನೆಯದ್ದೇ ಇಡ್ಬೇಕು ಅಂತ ಅಮ್ಮನಿಗೆ ಆಸೆ.

ಬಸಳೆ ಚಪ್ಪರ:
ಈ ಬಿಸುವಿಗೆ ಆಗ್ಲಿಕ್ಕಿಲ್ಲ ಅಕ್ಕ. ನಮ್ಮ ಬಣ್ಣದ ಸೌತೆ ಬಿತ್ತಿ ಕೊಯ್ಯುದಕ್ಕೆ ಎರಡು ತಿಂಗಳು ದಾಟ್ತದೆ, ಕಣಿಗೆ ಹಳದಿ ತಿರುಗಿದ್ದೇ ಬೇಕಲ್ಲ, ಅದಕ್ಕೆ ಜನವರಿಯಲ್ಲೇ ಬಿತ್ತಿಯಾಗ್ಬೇಕು. ಮೊದ್ಲು ಸುಗ್ಗಿ ಕೊಯ್ಲಾದ ಗದ್ದೆಯಲ್ಲಿ ಸಾಲು ಮಾಡಿ ಹಾಕ್ತಿದ್ರು, ಕೊಯ್ದದ್ದನ್ನು ಬಾಳೆ ಹಗ್ಗದಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗು ಹಾಕಿದ್ರೆ ಮಳೆಗಾಲ ಇಡೀ ಹುಳಿಗೆ, ಕೊದ್ದೆಲಿಗೆ ಅದೇ. ಬೀಜಕ್ಕೆ ಇಟ್ಟ ಸೌತೆಯ ಬೀಜ ಸೆಗಣಿಯಲ್ಲಿ ಕಲಸಿ ಗೋಡೆಗೆ ಹಚ್ಚಿ ಇಡ್ತಿದ್ರು ಅಜ್ಜಿ, ಈಗ ಬೂದಿಯಲ್ಲಿ ಕಲಸಿ ಒಣಗಿಸಿ ಬಾಟ್ಲಿಯಲ್ಲಿ ಹಾಕಿದ್ರೂ ಆಗ್ತದೆ. ಈಗ ಬಿತ್ತಿದ್ರೂ ಕಾಯಿ ಬರ್ತದೆ, ಮೇಯಲ್ಲಿ ಸಾಂಬಾರಿಗೆ. ಮಳೆಗಾಲದ ತರಕಾರಿಗೆ ಪತ್ತನಾಜೆ (ಮೇ ಕೊನೆಯ ವಾರ) ಹೊತ್ತಿಗೆ ಏರಿ ತಯಾರು ಇರ್ಲಿ, ಮೊದಲ ಎರಡು ಮಳೆಗೆ ಬೀಜ ಬಿದ್ರೆ ದೊಡ್ಡ ಮಳೆ ಹಿಡಿಯುವ ಮೊದ್ಲು ಬಳ್ಳಿ ಚಪ್ಪರ ಹತ್ತಿರ್ತದೆ.

ಮೊಗ್ರಾಲ್ ಹೊಯಿಗೆ:
ಒಂದು ಪ್ರಶ್ನೆ ಸೇರಿಸ್ತೇನೆ. ನಮ್ಮ ಮನೆ ಕಡಲಿಗೆ ಹತ್ರ, ಎಪ್ರಿಲ್ ಆಗುವಾಗ ಬಾವಿ ನೀರು ಸ್ವಲ್ಪ ಉಪ್ಪು. ಅಲಸಂಡೆ ಎಲೆಯ ಅಂಚು ಸುಟ್ಟ ಹಾಗೆ ಒಣಗ್ತದೆ. ನೀರು ಹೆಚ್ಚು ಕೊಡ್ಬೇಕಾ ಕಡಿಮೆ ಕೊಡ್ಬೇಕಾ?

ಮಣ್ಣು ಸುಣ್ಣ:
ಅಂಚು ಸುಡುದು ಉಪ್ಪಿನದ್ದೇ ಲಕ್ಷಣ. ದಿನಾ ಸ್ವಲ್ಪ ಸ್ವಲ್ಪ ಹಾಕಿದ್ರೆ ನೀರು ಆವಿ ಆಗಿ ಉಪ್ಪು ಮಾತ್ರ ಬ್ಯಾಗಲ್ಲಿ ಉಳೀತದೆ, ಮೇಲೆ ಬಿಳಿ ಪೊರೆ ಕಾಣ್ತದಲ್ಲ, ಅದೇ. ಹಾಕುವಾಗ ಬ್ಯಾಗಿನ ತೂತಿನಿಂದ ಸ್ವಲ್ಪ ಹೊರಗೆ ಹರಿಯುವಷ್ಟು ಹಾಕಿ, ಉಪ್ಪು ಒಟ್ಟಿಗೆ ಇಳೀತದೆ. ಎಲೆ ಮೇಲೆ ಚಿಮುಕಿಸ್ಬೇಡಿ. ಬೂದಿ ಮತ್ತೆ ರಾಸಾಯನಿಕ ಗೊಬ್ಬರ ಈ ಎರಡು ತಿಂಗಳು ನಿಲ್ಲಿಸಿ, ಅದೂ ಉಪ್ಪೇ. ಬೀನ್ಸ್ ಜಾತಿ, ನೀರುಳ್ಳಿ ಉಪ್ಪಿಗೆ ಸೋಲ್ತದೆ. ಪಾಲಕ್, ಬೀಟ್‌ರೂಟ್ ಜಾತಿ ತಡೀತದೆ, ಆದ್ರೆ ನಮ್ಮ ಸೆಕೆಗೆ ಪಾಲಕ್ ಬೇಗ ಹೂ ಬಿಡ್ತದೆ, ಹಾಗಾಗಿ ಅದು ಡಿಸೆಂಬರಿಗೆ. ಎಸಿ ಇದ್ರೆ ಅದರಿಂದ ಇಳಿಯುವ ನೀರು ಉಪ್ಪಿಲ್ಲದ ನೀರು, ಅಲಸಂಡೆಗೆ ಅದನ್ನು ಮೀಸಲಿಡಿ. ಜೂನಿನಲ್ಲಿ ಆ ಬ್ಯಾಗುಗಳನ್ನು ಮಾಡಿನ ನೀರು ಬೀಳುವ ಕಡೆ ಒಂದು ವಾರ ಇಟ್ಟು ತೊಳೆದು ಹೋಗ್ಲಿಕ್ಕೆ ಬಿಡಿ, ಆಮೇಲೆ ಸುಣ್ಣ ಹಾಕಿ ಹದಿನೈದು ದಿನ ಬಿಟ್ಟು ಗೊಬ್ಬರ ಕೊಡಿ.

ಮೊಗ್ರಾಲ್ ಹೊಯಿಗೆ:
ಬಿಳಿ ಪೊರೆ ಉಂಟು, ಅದು ಗೊಬ್ಬರದ್ದು ಅಂತ ಇದ್ದೆವು. ಇವತ್ತಿಂದ್ಲೇ ಎಸಿ ನೀರಿಗೆ ಬಕೆಟ್ ಇಡ್ತೇವೆ. ಬಸಳೆ ಬಳ್ಳಿ ತುಂಡು ಕುಂಬಳೆ ಕಡೆ ಯಾರ ಹತ್ರ ಆದ್ರೂ ಉಂಟಾ, ಕೆಂಪು ದಂಟಿನದ್ದು?

ಕುಂಬಳೆ ಓದುಗ:
ನಮ್ಮಲ್ಲಿ ಉಂಟು, ಬೇಕಾದಷ್ಟು ಕಡೀಬಹುದು. ಆದಿತ್ಯವಾರ ಬೆಳಿಗ್ಗೆ ಬನ್ನಿ, ಒದ್ದೆ ಗೋಣಿಯಲ್ಲಿ ಸುತ್ತಿ ಇಡ್ತೇನೆ, ಅವತ್ತೇ ಸಂಜೆ ನೆಟ್ಟು ಬಿಡಿ.